ಕೈದಿನ, ಕಿವಿದಿನ

ಬರಿದಿನದಂದು ವಾದ್ಯ ಮುಟ್ಟಬಾರದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಟ್ಟಿದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಹೇಳಲು ಧೈರ್ಯ ಬಂದೀತು ಅಂದುಕೊಂಡಿದ್ದೇನೆ.

ನಮ್ಮೂರಲ್ಲಿ ಕೈಯಿಂದ ಬಡಿದದ್ದು ಬಡಿದ ಹೊತ್ತಿಗೆ ಕೇಳಿಸುವುದಿಲ್ಲ, ಮರುದಿನ ಅದೇ ಹೊತ್ತಿಗೆ ಕೇಳಿಸುತ್ತದೆ. ಮಾತು, ಹಾಡು, ಕೆಮ್ಮು, ಮಳೆ ಎಲ್ಲವೂ ಆಗಿಂದಾಗಲೇ. ಬಡಿತಕ್ಕೆ ಮಾತ್ರ ಒಂದು ದಿನ ತಡ. ಹಾಗಾಗಿ ಇಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ, ಹೊರಗೆ ನಿಂತು ಹೆಸರು ಹಿಡಿದು ಕೂಗುತ್ತಾರೆ. ಕಂಚುಗಾರರ ಬೀದಿಯಲ್ಲಿ ರಜೆಯ ಮರುದಿನ ಎಲ್ಲ ಸುತ್ತಿಗೆಗಳೂ ಎದ್ದು ಬೀಳುತ್ತಿರುತ್ತವೆ, ಆದರೆ ಸೊಳ್ಳೆ ಹಾರಿದ್ದೂ ಕೇಳುವಷ್ಟು ಸದ್ದಿಲ್ಲದೆ. ತಾಯಂದಿರು ಮಗುವಿನ ಬೆನ್ನಿಗೆ ಒಂದು ಕೊಡುವ ಮುಂಚೆ ನಾಳೆ ಈ ಹೊತ್ತಿಗೆ ಮಗು ಎಲ್ಲಿರುತ್ತದೆ ಎಂದು ಯೋಚಿಸುತ್ತಾರೆ, ಏಕೆಂದರೆ ಸದ್ದು ಏಟು ತಿಂದದ್ದರ ಜೊತೆಯಲ್ಲೇ ಹೋಗುತ್ತದೆ. ನಾನು ಅಂಚೆ ಕಚೇರಿಯಲ್ಲಿ ಕಾಗದಗಳಿಗೆ ಮುದ್ರೆ ಒತ್ತುವವಳು. ಶನಿವಾರ ಒತ್ತಿದ್ದು ಭಾನುವಾರ ಬೀಗ ಹಾಕಿದ ಕಚೇರಿಯೊಳಗೆ ನನ್ನ ಮೇಜಿನಿಂದ ಕೇಳಿಸುತ್ತದೆ. "ದಾಕ್ಷಿ ರಜಾದಲ್ಲೂ ದುಡೀತಾಳಪ್ಪ" ಎಂದು ದಾರಿಯಲ್ಲಿ ಹೋಗುವವರು ಹಾಸ್ಯ ಮಾಡುತ್ತಾರೆ.

ಆ ಭಾನುವಾರದ ಸದ್ದಿನಿಂದಲೇ ನಾನು ನೀಲಕ್ಕನ ಮೇಳಕ್ಕೆ ಸೇರಿದ್ದು. ನಾಲ್ಕು ವರ್ಷದ ಹಿಂದೆ ಒಂದು ಸೋಮವಾರ ಬಿಳಿ ಸೀರೆಯ ಎತ್ತರದ ಹೆಂಗಸೊಬ್ಬರು ಕಚೇರಿಯ ಕಿಟಕಿಯೊಳಗೆ ತಲೆ ತೂರಿಸಿ, "ಮುದ್ರೆ ಒತ್ತೋರು ಯಾರಮ್ಮ?" ಅಂದರು. ಕಾಗದ ತಪ್ಪಿ ಹೋಗಿ ದೂರು ಬಂತೇನೋ ಎಂದು ಮುದ್ರೆ ಕೆಳಗಿಟ್ಟೆ. "ನಿನ್ನೆ ನಿಮ್ಮ ಮೆಟ್ಟಿಲ ಮೇಲೆ ಒಂದು ಗಂಟೆ ಕೂತು ಕೇಳಿದೆ. ಶಾಯಿಗೆ ಒಂದು, ಕಾಗದಕ್ಕೆ ಒಂದು. ನಡುವೆ ಜಾಗ ಒಂದು ಸಲನೂ ಹೆಚ್ಚುಕಮ್ಮಿ ಆಗಲಿಲ್ಲ. ಎಲ್ಲಿ ಕಲಿತೆ?" ಎಲ್ಲೂ ಕಲಿತಿರಲಿಲ್ಲ. ತಪ್ಪಿದರೆ ಬೈಸಿಕೊಳ್ಳಬೇಕಲ್ಲ ಎಂಬ ಭಯಕ್ಕೆ ಹಾಗೆ ಒತ್ತುತ್ತಿದ್ದೆ ಅಷ್ಟೆ. ಅದನ್ನೇ ಹೇಳಿದೆ. ಅವರು ನಕ್ಕು, "ಭಯವೂ ಒಳ್ಳೇ ಮೇಷ್ಟ್ರೇ. ಸಂಜೆ ಬಾ" ಅಂದರು.

ಸಂಜೆ ನನಗೆ ಶಾಲೆಯಿತ್ತು. ಹಗಲಲ್ಲಿ ಓದಲಾಗದವರಿಗೆ ಊರಲ್ಲಿ ಒಂದು ಸಂಜೆ ಶಾಲೆ ಇದೆ, ಇಪ್ಪತ್ತೊಂಬತ್ತನೇ ವಯಸ್ಸಿಗೆ ನಾನು ಹತ್ತನೇ ತರಗತಿಯ ಬೆಂಚಿನಲ್ಲಿ ಕೂತಿದ್ದೆ. ಅಲ್ಲಿ ಗಣಿತ ಹೇಳಿಕೊಡುತ್ತಿದ್ದ ಇಮಾಮಸಾಬರೂ ಮೇಳದವರೇ. ಹಾಗಾಗಿ ಏಳು ಗಂಟೆಗೆ ಶಾಲೆ ಬಿಟ್ಟರೆ ಮೇಷ್ಟ್ರು, ವಿದ್ಯಾರ್ಥಿನಿ ಇಬ್ಬರೂ ಒಂದೇ ದಾರಿ ಹಿಡಿದು ಸಭಾಮಂದಿರಕ್ಕೆ ಹೋಗುತ್ತಿದ್ದೆವು.

ಮೇಳದಲ್ಲಿ ನಾವು ನಾಲ್ವರು. ನೀಲಾಂಬಿಕೆ ಎಂಬ ಪೂರ್ತಿ ಹೆಸರಿನ ನೀಲಕ್ಕನಿಗೆ ಎಪ್ಪತ್ತೊಂದು ವರ್ಷ, ಅವರೇ ಹೇಳಿ ಮಾಡಿಸಿಕೊಂಡ ದೊಡ್ಡ ಮದ್ದಲೆ ಅವರದು. ಅಂಬಣ್ಣ ಕುಂಬಾರ, ತಾನೇ ಸುಟ್ಟ ಒಂಬತ್ತು ಮಡಕೆಗಳನ್ನು ಸುತ್ತ ಇಟ್ಟುಕೊಂಡು ಕೂರುತ್ತಾನೆ. ಇಮಾಮಸಾಬರ ಮುಂದೆ ಒಂದು ಚೌಕಟ್ಟು, ಅದರಲ್ಲಿ ಹಿತ್ತಾಳೆ ತಟ್ಟೆಗಳು, ಗಂಟೆಗಳು, ಗಾಡಿಯ ಚಕ್ರದಿಂದ ಬಿಚ್ಚಿದ ಎರಡು ಕಬ್ಬಿಣದ ಬಳೆ. ನನ್ನದು ಹಲಸಿನ ಮರದ ಹನ್ನೊಂದು ಹಲಗೆ, ಉದ್ದದಿಂದ ಗಿಡ್ಡಕ್ಕೆ ಹಗ್ಗದಲ್ಲಿ ಪೋಣಿಸಿದ್ದು. ಹಾಡುವವರು ನಮ್ಮನ್ನು ಕರೆಯುವುದಿಲ್ಲ. ಇವತ್ತಿನ ಹಾಡಿಗೆ ನಾಳೆ ತಾಳ ಬಂದರೆ ಏನು ಪ್ರಯೋಜನ? ಹಾಗಾಗಿ ಬಡಿತ ಒಂದನ್ನೇ ನಂಬಿ ನೀಲಕ್ಕ ಹೊಸ ಹೊಸ ಕೃತಿಗಳನ್ನು ಕಟ್ಟಿದರು. ಮಕ್ಕಳ ಲೆಕ್ಕದ ಚೌಕದ ಪುಸ್ತಕದಲ್ಲಿ ಪ್ರತಿ ಪೆಟ್ಟಿಗೂ ಒಂದೊಂದು ಮನೆ ಕೊಟ್ಟು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು.

ನುಡಿಸುವ ದಿನಕ್ಕೆ ನಾವು ಕೈದಿನ ಎನ್ನುತ್ತೇವೆ. ಅಂದು ಮಂದಿರದ ಬಾಗಿಲು ಹಾಕಿರುತ್ತದೆ, ನಾಲ್ವರು ಒಬ್ಬರನ್ನೊಬ್ಬರು ನೋಡುತ್ತಾ ಪೂರ್ತಿ ಮೌನದಲ್ಲಿ ಮುಕ್ಕಾಲು ಗಂಟೆ ಬಾರಿಸುತ್ತೇವೆ. ಮರುದಿನ ಕಿವಿದಿನ. ಅಂದು ಜನ ಬರುತ್ತಾರೆ. ನಾವು ಅದೇ ಜಾಗದಲ್ಲಿ ಕೈಕಟ್ಟಿ ಕೂತಿರುತ್ತೇವೆ, ಮದ್ದಲೆ ಮಡಕೆ ಗಂಟೆ ಹಲಗೆಗಳು ತಾವಾಗಿ ನುಡಿಯುತ್ತವೆ. ಬಾರಿಸಿದವರೂ ಕೇಳುವುದು ಆಗಲೇ. ನನ್ನ ಮೊದಲ ಕಿವಿದಿನದಂದು ನಾನು ಭಯದಿಂದ ಉಗುರು ಕಡಿಯುತ್ತಾ ಕೂತಿದ್ದೆ. ಇದ್ದಕ್ಕಿದ್ದಂತೆ ಒಂಬತ್ತು ಮಡಕೆಗಳ ನಡುವೆ ನನ್ನ ಹಲಗೆ ಸೂಜಿಯ ಹಾಗೆ ನುಸುಳಿ ಆಚೆ ಬಂತು. ಅದು ನಾನೇ ಎಂದು ನಂಬಲು ಎಷ್ಟೋ ಹೊತ್ತು ಹಿಡಿಯಿತು. ಒಬ್ಬರ ಸದ್ದು ಒಬ್ಬರಿಗೆ ಕೇಳದೆ, ಬರೀ ಭುಜ ನೋಡಿ, ಉಸಿರು ನೋಡಿ, ನಾಲ್ವರು ಇಷ್ಟು ಹತ್ತಿರ ಬರಬಹುದು ಎಂದು ನನಗೆ ಯಾವ ಶಾಲೆಯೂ ಹೇಳಿಕೊಟ್ಟಿರಲಿಲ್ಲ.

ಕೈದಿನದ ಹಿಂದಿನ ದಿನವೇ ಬರಿದಿನ. ಅಂದು ಯಾರೂ ವಾದ್ಯ ಮುಟ್ಟಬಾರದು. ಮುಟ್ಟಿದರೆ ಅದರ ಸದ್ದು ಕೈದಿನದಂದು ಏಳುತ್ತದೆ, ಮೌನದಲ್ಲಿ ಕಣ್ಣಿನಿಂದಲೇ ನುಡಿಸುವವರ ದಾರಿ ತಪ್ಪಿಸುತ್ತದೆ. ಮೇಳದಲ್ಲಿ ಇರುವುದು ಇದೊಂದೇ ನಿಯಮ. ನನಗಿಂತ ಮುಂಚೆ ಹಲಗೆ ನುಡಿಸುತ್ತಿದ್ದ ಚನ್ನವೀರಯ್ಯ ಬರಿದಿನದಂದು ಗೆಳೆಯರಿಗೆ ತೋರಿಸಲು ಎರಡು ಪೆಟ್ಟು ಹಾಕಿದ್ದರಂತೆ. ಹದಿನೆಂಟು ವರ್ಷ ಜೊತೆಗಿದ್ದವರನ್ನು ನೀಲಕ್ಕ ಅಂದೇ ಕಳಿಸಿಬಿಟ್ಟರು. ನಾನು ಕೂತಿದ್ದು ಅವರ ಮಣೆಯ ಮೇಲೆ.

ಈ ವರ್ಷ ನೀಲಕ್ಕ ಹನ್ನೆರಡು ವರ್ಷದಿಂದ ಬರೆಯುತ್ತಿದ್ದ ಕೃತಿ ಮುಗಿಯಿತು. ಹೆಸರು 'ಒಡ್ಡು'. ಅವರ ಬಲಗೈ ಮಣಿಕಟ್ಟು ಒಂದು ವರ್ಷದಿಂದ ಊದಿಕೊಳ್ಳುತ್ತಿತ್ತು. "ಇದೊಂದು ದಾಟಿಸಿಬಿಡ್ತೀನಿ. ಆಮೇಲೆ ಕೈಗೆ ರಜಾ" ಅಂದರು. ಅಂದರೆ ಅದು ಒಂದೇ ಸಲ, ಮತ್ತೆ ಇಲ್ಲ. ಅರ್ಧ ಗಂಟೆ ಎಲ್ಲ ವಾದ್ಯಗಳೂ ಹಳ್ಳಗಳ ಹಾಗೆ ಬೇರೆ ಬೇರೆ ಕಡೆಯಿಂದ ಹರಿದು ಬಂದು ಒಂದೆಡೆ ಏರುತ್ತವೆ, ಏರಿ ಏರಿ ಗಕ್ಕನೆ ನಿಲ್ಲುತ್ತವೆ. ನಾಲ್ವರ ಕೈಗಳೂ ಗಾಳಿಯಲ್ಲಿ. ಮೂವತ್ತೆರಡು ಎಣಿಕೆ ಏನೂ ಇಲ್ಲ. ನೀಲಕ್ಕ ಆ ಜಾಗವನ್ನೇ ಒಡ್ಡು ಅನ್ನುತ್ತಿದ್ದರು. ಅದು ಒಡೆಯುವುದು ನನ್ನ ಹಲಗೆಯ ನಾಲ್ಕು ಪೆಟ್ಟಿನಿಂದ. ನನ್ನ ಕೈ ಇಳಿದದ್ದನ್ನು ನೋಡಿ ಉಳಿದ ಮೂವರು ಬೀಳುತ್ತಾರೆ.

"ಅದನ್ನ ಅಂಬಣ್ಣನಿಗೆ ಕೊಡಿ ನೀಲಕ್ಕ" ಎಂದು ನಾನು ಎಷ್ಟೋ ಸಲ ಬೇಡಿಕೊಂಡೆ.

"ಅವನು ಮೂವತ್ತೆರಡು ಎಣಿಸೋದ್ರಲ್ಲಿ ಮೂರು ಸಲ ಮೂಗು ಕೆರ್ಕೋತಾನೆ" ಅಂದರು ಅವರು.

"ಕೆರ್ಕೊಂಡ್ರೂ ಎಣಿಕೆ ತಪ್ಪಲ್ಲ ಕಣಕ್ಕ" ಎಂದು ಅಂಬಣ್ಣ ಗೊಣಗಿದ.

ಬರಿದಿನ ಬಂತು, ಅಂದು ಭಾನುವಾರ. ಮಧ್ಯಾಹ್ನದಿಂದಲೇ ನನಗೆ ಸಂಶಯ ಶುರುವಾಯಿತು. ಎತ್ತಿದ ಕೈ ಮೂವತ್ತೆರಡು ಎಣಿಕೆ ನಡುಗದೆ ನಿಂತೀತೇ? ಇಳಿಯುವಾಗ ಮೂರನೇ ಹಲಗೆಯ ನಡುವಿಗೇ ಇಳಿದೀತೇ? ಗಾಳಿಯಲ್ಲಿ ಮಾಡಿ ನೋಡಿದೆ, ಅಡುಗೆಮನೆಯ ಕಟ್ಟೆಯ ಮೇಲೆ ಮಾಡಿ ನೋಡಿದೆ. ಹಲಗೆಯ ಎತ್ತರವೇ ಬೇರೆ. ಕೊನೆಗೆ ಲೆಕ್ಕ ಹಾಕಿದೆ. ನಾಳೆ ನುಡಿಸುವುದು ಐದೂವರೆಗೆ. ನಾಲ್ಕೂವರೆ ಸುಮಾರಿಗೆ ಒಂದೇ ಒಂದು ಸಲ ಬಾರಿಸಿದರೆ ಸದ್ದು ನಾಳೆ ನಾಲ್ಕೂವರೆಗೆ ಏಳುತ್ತದೆ. ಆಗ ಮಂದಿರ ಖಾಲಿ, ಯಾರಿಗೂ ಗೊತ್ತಾಗುವುದಿಲ್ಲ, ಯಾರಿಗೂ ತೊಂದರೆಯಿಲ್ಲ. ಹಲಗೆ ಒರೆಸುವುದಿದೆ ಎಂದು ಪಕ್ಕದ ವಾಚನಾಲಯದಿಂದ ಬೀಗದ ಕೈ ತಂದೆ. ಕೂತೆ, ಕೈ ಎತ್ತಿದೆ, ಎಣಿಸಿದೆ, ನಾಲ್ಕು ಪೆಟ್ಟು ಹಾಕಿದೆ. ಸರಿಯಾಗಿ ಬಿದ್ದವು. ಗಡಿಯಾರ ನೋಡಿದೆ, ನಾಲ್ಕು ಗಂಟೆ ಮೂವತ್ತೆರಡು ನಿಮಿಷ. ಎಷ್ಟು ನೆಮ್ಮದಿಯಾಯಿತೆಂದರೆ ಹಲಗೆಗಳನ್ನು ನಿಜವಾಗಿಯೂ ಒರೆಸಿಟ್ಟು ಬಂದೆ.

ಮರುದಿನ ಹನ್ನೆರಡು ಗಂಟೆಗೆ ಮಂದಿರದ ಉಸ್ತುವಾರಿ ವಾಸಣ್ಣ ಅಂಚೆ ಕಚೇರಿಗೆ ಬಂದು ಕಿಟಕಿಗೆ ಆತುಕೊಂಡರು. "ಏನಮ್ಮ ತಾಯಿ, ನಿನ್ನೆ ನಾಲ್ಕೂವರೆಗೆ ನಿನ್ನ ಮನೆ ಮುಂದೆ ನಿಂತು ಗಂಟಲು ಹರಿಯೋ ಹಾಗೆ ಕೂಗಿದೆ. ಬೀದಿ ನಾಯಿಗಳೆಲ್ಲ ಎದ್ದು ಬಂದ್ವು, ನೀನು ಬರಲಿಲ್ಲ. ಎಲ್ಲಿಗೆ ಹೋಗಿದ್ದೆ?"

"ಇಲ್ಲೇ... ಹೊರಗೆ."

"ಇವತ್ತು ಐದೂವರೆಗಲ್ಲ, ನಾಲ್ಕಕ್ಕೇ ಕೂರಬೇಕು. ನಾಳೆ ಕೇಳೋಕೆ ಹೊಳೆಯಾಚೆಯವರೂ ಬರ್ತಾರಂತೆ. ಅವರ ಕೊನೇ ದೋಣಿ ಆರಕ್ಕೆ. ಮೂವರಿಗೂ ಹೇಳಾಯ್ತು, ನೀನೊಬ್ಬಳೇ ಬಾಕಿ ಇದ್ದೋಳು."

ನನ್ನ ಕೈಯಲ್ಲಿದ್ದ ಮುದ್ರೆ ಒಂದು ಮದುವೆಯ ಕಾಗದದ ಮೇಲೆ ವಿಳಾಸದ ನಡುವೆಯೇ ಬಿತ್ತು. ನಾಲ್ಕಕ್ಕೆ ಶುರುವಾದರೆ ಒಡ್ಡು ಬರುವುದು ಮೂವತ್ತೊಂದು ನಿಮಿಷ ದಾಟಿದ ಮೇಲೆ. ನನಗೆ ಲೆಕ್ಕ ಬರುತ್ತದೆ, ಇಮಾಮಸಾಬರು ಚೆನ್ನಾಗಿಯೇ ಕಲಿಸಿದ್ದರು.

ಹೇಳಬೇಕೆಂದೇ ಅರ್ಧ ಗಂಟೆ ಮುಂಚೆ ಹೋದೆ. ನೀಲಕ್ಕ ಮಂದಿರದ ಜಗುಲಿಯಲ್ಲಿ ಬಿಸಿನೀರಿನ ಪಾತ್ರೆಯಲ್ಲಿ ಬಲಗೈ ಅದ್ದಿಕೊಂಡು ಕೂತಿದ್ದರು. ನೀರೊಳಗೆ ಆ ಬೆರಳುಗಳು ಶುಂಠಿಯ ಹಾಗೆ ಕಂಡವು.

"ನೀಲಕ್ಕ, ಒಂದು ಮಾತಿತ್ತು."

"ಎದೆ ಡವಡವ ಅಂತಿದೆಯಾ?"

"ಹೂಂ. ಆದರೆ ಅದಲ್ಲ..."

"ನನಗೂ ಹಾಗೇ ಆಗ್ತಿದೆ ಕಣೆ. ಹನ್ನೆರಡು ವರ್ಷ ಇದು ಕಾಗದದ ಮೇಲೇ ಇತ್ತು, ಎಷ್ಟು ಸುಖವಾಗಿತ್ತು." ಅವರು ಕೈಯನ್ನು ನೀರಿನಿಂದ ತೆಗೆದು ಸೆರಗಿನಲ್ಲಿ ಒತ್ತಿಕೊಂಡರು. "ಇವತ್ತು ಏನೂ ಹೇಳಬೇಡ. ಯಾರು ಏನು ಹೇಳಿದರೂ ನನ್ನ ಎಣಿಕೆ ಚೆಲ್ಲಿಹೋಗುತ್ತೆ. ಹೋಗು, ಕೂತ್ಕೋ."

ಹೋಗಿ ಕೂತೆ. ಹೇಳಲಿಲ್ಲ. ಅವರೇ ಬೇಡ ಅಂದರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬಾಯಿ ಬಿಟ್ಟಿದ್ದರೆ ಕೈದಿನವನ್ನು ಮುಂದೂಡಬಹುದಿತ್ತು, ನನ್ನ ಮಣೆ ಹೋಗುತ್ತಿತ್ತು ಅಷ್ಟೆ. ಆ 'ಅಷ್ಟೆ' ಎಂಬುದನ್ನೇ ನನಗೆ ದಾಟಲಾಗಲಿಲ್ಲ.

ನಾಲ್ಕು ಗಂಟೆಗೆ ನೀಲಕ್ಕನ ಗಲ್ಲ ಒಂದಿಷ್ಟು ಇಳಿಯಿತು, ಶುರುವಾಯಿತು. ಅಂದು ಮೂವರೂ ನುಡಿಸಿದ ರೀತಿಯನ್ನು ಹೇಳಲು ನನ್ನ ಮಾತು ಸಾಲದು. ಯಾವಾಗಲೂ ನಗಿಸುವ ಅಂಬಣ್ಣನ ಮುಖದಲ್ಲಿ ನಗುವಿರಲಿಲ್ಲ, ಎರಡು ಕೈಗಳು ಒಂಬತ್ತು ಮಡಕೆಗಳ ಮೇಲೆ ಮೀನಿನ ಹಾಗೆ ಓಡಾಡಿದವು. ಇಮಾಮಸಾಬರು ಕಪ್ಪುಹಲಗೆಯ ಮೇಲೆ ಉತ್ತರ ಬರೆಯುವಾಗಿನ ನೆಮ್ಮದಿಯಲ್ಲಿ ಗಂಟೆಯಿಂದ ಗಂಟೆಗೆ ಹೋಗುತ್ತಿದ್ದರು. ನೀಲಕ್ಕನ ಆ ಊದಿದ ಕೈಯಲ್ಲಿ ನೋವಿನ ಗುರುತೂ ಇರಲಿಲ್ಲ. ಮೌನದಲ್ಲಿ ಎಂಟು ಕೈಗಳು ಏರುತ್ತಾ ಹೋದವು. ನಾನು ಒಂದು ಪೆಟ್ಟನ್ನೂ ಬಿಡಲಿಲ್ಲ, ಆದರೆ ಮನಸ್ಸೆಲ್ಲ ಗೋಡೆಯ ಗಡಿಯಾರದಲ್ಲಿತ್ತು. ಇನ್ನೆರಡು ನಿಮಿಷ ಬೇಗ ಓಡಿ ಒಡ್ಡನ್ನು ದಾಟಿಬಿಡಬಾರದೇ ಎಂದು ಹಂಬಲಿಸಿದೆ. ಆದರೆ ನಾವು ಯಾವಾಗಲೂ ಸರಿಯಾದ ವೇಗದಲ್ಲಿ ನುಡಿಸುವವರು.

ಕೈಗಳು ನಿಂತವು. ಒಂದು, ಎರಡು, ಮೂರು. ಹತ್ತು. ಹದಿನೈದು. ತಪ್ಪಿತೇನೋ, ಆಗಲೇ ದಾಟಿಹೋಯಿತೇನೋ. ಹದಿನೆಂಟು. ಹತ್ತೊಂಬತ್ತರಲ್ಲಿ ನನ್ನ ಮೂರನೇ ಹಲಗೆ ನುಡಿಯಿತು. ನಾಲ್ಕು ಪೆಟ್ಟು, ಸ್ಪಷ್ಟವಾಗಿ, ನಿನ್ನೆ ಬಿದ್ದ ಹಾಗೇ.

ಮೊದಲ ಪೆಟ್ಟು ಕೇಳಿದ ಕ್ಷಣದಲ್ಲಿ ಅಂಗೈ ಇಟ್ಟು ಹಲಗೆಯ ಬಾಯಿ ಮುಚ್ಚಬಹುದಿತ್ತು. ಆದರೆ ನನ್ನ ಕೈ ಇಳಿದರೆ ಅದೇ ಸನ್ನೆ, ಮೂವರೂ ಬಿದ್ದುಬಿಡುತ್ತಾರೆ. ಕೈಯನ್ನು ಗಾಳಿಯಲ್ಲೇ ಹಿಡಿದೆ. ಅಷ್ಟು ಮಾತ್ರ ನಾನು ಸರಿಯಾಗಿ ಮಾಡಿದ್ದು. ನಾಚಿಕೆಗೆ ಕಣ್ಣು ಮುಚ್ಚಿಕೊಂಡಿತು. ತೆರೆದಾಗ ಎಣಿಕೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ತಿಳಿಯಲಿಲ್ಲ. ನೀಲಕ್ಕನ ಮುಖ ಮೊದಲಿನ ಹಾಗೇ ಇತ್ತು, ಕೈ ಎತ್ತಿದ ಹಾಗೇ ಇತ್ತು. ಒಂದು ಅಂದಾಜಿನಿಂದ ಎಣಿಸಿ ಇಳಿಸಿದೆ. ಮೂವರೂ ಒಟ್ಟಿಗೆ ಇಳಿದರು. ನೀರು ಹೊರಟಿತು.

ಕೈದಿನ ಮುಗಿದ ಮೇಲೆ ಕಿವಿದಿನದವರೆಗೆ ನುಡಿಸಿದ್ದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕೇಳದೇ ಇರುವುದರ ಬಗ್ಗೆ ಮಾತಾಡಿ ಏನು? ಇಮಾಮಸಾಬರು ನನ್ನತ್ತ ನೋಡದೆ ಚಪ್ಪಲಿ ಮೆಟ್ಟಿಕೊಂಡರು. ಅಂಬಣ್ಣ ಮಾತ್ರ ಮೆಟ್ಟಿಲಲ್ಲಿ ನಿಂತು, "ದಾಕ್ಷಿ, ಹೋಗಿ ಏನಾದ್ರೂ ತಿನ್ನು. ಮುಖ ಹಸಿ ಮಡಕೆ ಥರ ಆಗಿದೆ" ಅಂದ. ಹಸಿ ಮಡಕೆಯನ್ನು ಮುಟ್ಟಿದರೆ ಏನಾಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಮುಂದೆ ಒಂದು ಮಾತೂ ಆಡದೆ ಹೋದ.

ಕಿವಿದಿನಕ್ಕೆ ಮಂದಿರ ತುಂಬಿ ಜನ ಕಿಟಕಿಗಳಲ್ಲಿ ಕೂತಿದ್ದರು. ಹೊಳೆಯಾಚೆಯ ಹೆಂಗಸರು ಮಂಡಿಯವರೆಗೆ ಒದ್ದೆಯಾದ ಸೀರೆಯಲ್ಲೇ ಬಂದಿದ್ದರು. ನಾವು ನಾಲ್ವರು ವಾದ್ಯಗಳ ಹಿಂದೆ ಕೈಕಟ್ಟಿ ಕೂತೆವು. ನಾಲ್ಕು ಹೊಡೆದ ಕೂಡಲೇ ದೂರದಲ್ಲೆಲ್ಲೋ ಹನಿ ಬಿದ್ದ ಹಾಗೆ ಅಂಬಣ್ಣನ ಚಿಕ್ಕ ಮಡಕೆ ಮಾತಾಡಿತು, ಅದಕ್ಕೆ ಗಂಟೆಯೊಂದು ಸೇರಿತು. ಹನ್ನೆರಡು ವರ್ಷದ ಕೆಲಸ ನನ್ನ ಸುತ್ತ ಏಳತೊಡಗಿತು. ಚೌಕದ ಪುಸ್ತಕದಲ್ಲಿ ನಾನು ಕಂಡಿದ್ದು ಬರೀ ಮನೆಗಳು, ಈಗ ಅವುಗಳಲ್ಲಿ ದೀಪ ಹತ್ತುತ್ತಿದ್ದವು. ನೀಲಕ್ಕನ ಮದ್ದಲೆ ನೆಲದ ಕೆಳಗಿನಿಂದ ಬರುವಂತಿತ್ತು. ಮುಂದಿನ ಸಾಲಿನ ಮುದುಕರೊಬ್ಬರು ತಮಗೇ ತಿಳಿಯದೆ ಮುಂದಕ್ಕೆ ಬಾಗುತ್ತಾ ಬಾಗುತ್ತಾ ಮೊಣಕಾಲಿಗೆ ಗಲ್ಲ ತಾಗಿಸಿಕೊಂಡಿದ್ದರು. ಏರಿತು, ಏರಿತು, ನಿಂತಿತು.

ಮುನ್ನೂರು ಜನ ಉಸಿರು ಹಿಡಿದರು. ನಾನು ಎಣಿಸಿದೆ. ಹತ್ತೊಂಬತ್ತರಲ್ಲಿ ನನ್ನ ಹಲಗೆ ಸುಮ್ಮನಿತ್ತು. ಅದು ಸುಮ್ಮನಿರಲೇಬೇಕು, ತನ್ನ ಸದ್ದನ್ನು ನಿನ್ನೆಯೇ ಮುಗಿಸಿತ್ತು. ಇನ್ನು ಭಯವಿಲ್ಲ, ದಾಟಿದೆ ಅಂದುಕೊಂಡೆ. ಇಪ್ಪತ್ಮೂರರಲ್ಲಿ ಮದ್ದಲೆ ನುಡಿಯಿತು.

ತೀರ ಮೆಲ್ಲಗೆ, ಉಂಗುರದ ಬೆರಳಿನ ಐದು ತಟ್ಟು. ಪುಸ್ತಕದಲ್ಲಿ ಇಲ್ಲದ್ದು. ನಾಲ್ಕು ನನ್ನವೇ, ನನ್ನ ನಡೆಯಲ್ಲೇ. ಕೊನೆಗೆ ಇನ್ನೊಂದು ಅವರದು, 'ಹಾಗೋ?' ಎಂದ ಹಾಗೆ. ನಾನು ಕಣ್ಣು ಮುಚ್ಚಿಕೊಂಡಿದ್ದ ಹೊತ್ತಿನಲ್ಲಿ ನೀಲಕ್ಕ ನನ್ನ ಕಳ್ಳ ಪೆಟ್ಟಿಗೆ ಉತ್ತರ ಕೊಟ್ಟಿದ್ದರು. ಪ್ರಶ್ನೆ ನಿನ್ನೆ ಖಾಲಿ ಮಂದಿರದಲ್ಲಿ ಮುಗಿದುಹೋಗಿತ್ತು, ಉತ್ತರ ಮಾತ್ರ ಇವತ್ತು ಜನರ ಮುಂದೆ ಒಂಟಿಯಾಗಿ ನಿಂತಿತ್ತು. ನನ್ನ ಕೈ ಯಾವಾಗ ಬಿಚ್ಚಿಕೊಂಡಿತೋ ಗೊತ್ತಿಲ್ಲ. ಮೂರನೇ ಹಲಗೆಯ ಮೇಲೆ ಎಷ್ಟು ಸಲವೋ ಬಿದ್ದು ಮತ್ತೆ ಮಡಿಲಿಗೆ ಬಂತು. ಸದ್ದಿಲ್ಲ, ಹೇಗಿದ್ದೀತು? ಆಮೇಲೆ ಒಡ್ಡು ಒಡೆಯಿತು. ಮೂವತ್ಮೂರರಲ್ಲಿ. ನಾನು ಒಂದು ಎಣಿಕೆ ತಡವಾಗಿದ್ದೆ. ಎಣಿಕೆ ತಪ್ಪದ ಆ ಮೂವರೂ ಮೂವತ್ತೆರಡು ದಾಟಿದ್ದನ್ನು ತಿಳಿದೂ ನನ್ನ ಕೈಗಾಗಿ ಕಾದು ನನ್ನ ಜೊತೆಯಲ್ಲೇ ಬಿದ್ದಿದ್ದರು.

ಮುಗಿದ ಮೇಲೆ ಕೇಳಿದವರು ಎದ್ದು ನಿಂತು ಮಾತಾಡುವುದು ವಾಡಿಕೆ. ಮೊದಲು ಎದ್ದವರು ಶ್ರೀಕಂಠಯ್ಯನವರು, ನಿವೃತ್ತ ಚಿತ್ರಕಲೆ ಮೇಷ್ಟ್ರು, ವಾಚನಾಲಯದ ಫಲಕದಲ್ಲಿ ನಮ್ಮ ಬಗ್ಗೆ ಬರೆಯುವವರು. ಅವರ ಕಣ್ಣು ಒದ್ದೆಯಾಗಿತ್ತು. "ನೀಲಕ್ಕ, ಇಂಥದ್ದನ್ನ ನಾನು ಕೇಳಿಲ್ಲ. ಇನ್ನು ಕೇಳೋದೂ ಇಲ್ಲ. ಒಂದೇ ಒಂದು ಮಾತು, ತಪ್ಪು ತಿಳೀಬೇಡಿ. ಆ ಮೌನದ ಮಧ್ಯೆ ನಿಮ್ಮ ಕೈ ಜಾರಿತು. ವಯಸ್ಸು, ಏನು ಮಾಡೋಕಾಗುತ್ತೆ? ನಮ್ಮೆಲ್ಲರದ್ದೂ ಜಾರುತ್ತೆ."

"ಹೌದೌದು, ಪಾಪ" ಎಂದು ಹಿಂದಿನಿಂದ ಯಾರೋ ಅಂದರು. ಆ 'ಪಾಪ' ಸಾಲಿನಿಂದ ಸಾಲಿಗೆ ಹೋಯಿತು. ನೀಲಕ್ಕ ತಲೆಯಾಡಿಸಿ, "ವಯಸ್ಸೇ ಇರಬೇಕು" ಅಂದರು. ಅಷ್ಟು ಹೇಳಿ ಸುಮ್ಮನಾಗುವವರಿದ್ದರು. ಐವತ್ತು ವರ್ಷದಲ್ಲಿ ಒಂದು ಪೆಟ್ಟೂ ಜಾರದ ಕೈಗೆ ಕೊನೆಯ ದಿನ ಅದು ಅಂಟಿಕೊಳ್ಳುತ್ತಿತ್ತು, ಫಲಕದಲ್ಲಿ ಬರೆದಾಗುತ್ತಿತ್ತು.

ನಾನು ಎದ್ದು ನಿಂತೆ. "ಜಾರಿದ್ದಲ್ಲ. ನಾನು ಬರಿದಿನ ಬಂದು ಹಲಗೆ ಬಾರಿಸಿದ್ದೆ. ನಾಲ್ಕು ಪೆಟ್ಟು. ನಿನ್ನೆ ಒಡ್ಡಿನಲ್ಲಿ ಎದ್ದಿತು. ನೀವು ಕೇಳಿದ್ದು ಅದಕ್ಕೆ ಅವರು ಕೊಟ್ಟ ಉತ್ತರ." ಇನ್ನೂ ಏನೇನೋ ಹೇಳಿದೆ, ಐದೂವರೆ ಎಂದು ಲೆಕ್ಕ ಹಾಕಿದ್ದು, ಜಗುಲಿಯಲ್ಲಿ ಹೇಳದೆ ಹೋದದ್ದು. ಕೊನೆಗೆ ಅಳು ಬಂದು ನಿಲ್ಲಿಸಿದೆ.

ಶ್ರೀಕಂಠಯ್ಯನವರು ನಿಂತೇ ಇದ್ದರು. "ಹಾಗಾದರೆ ಒಂದು ನಿಮಿಷ ಇರಿ" ಎಂದು ಕಣ್ಣು ಮುಚ್ಚಿ, ನೆನಪಿನಲ್ಲೇ ಆ ಐದು ತಟ್ಟನ್ನು ಮತ್ತೆ ಕೇಳಿಕೊಳ್ಳುವವರಂತೆ ತಲೆ ವಾಲಿಸಿದರು. ಆಮೇಲೆ, "ಅಯ್ಯೋ" ಅಂದರು. ಬೇರೇನೂ ಹೇಳದೆ ಕೈಯೆತ್ತಿ ಚಪ್ಪಾಳೆ ತಟ್ಟತೊಡಗಿದರು. ಮುನ್ನೂರು ಜೊತೆ ಕೈಗಳು ಸದ್ದಿಲ್ಲದೆ ಆಡಿದವು.

ಜನ ದೋಣಿಯ ಕಡೆ ಓಡಿದ ಮೇಲೆ ನಾವು ನಾಲ್ವರು, ವಾಸಣ್ಣ, ಇಷ್ಟೇ ಉಳಿದೆವು. "ಮಗು ಹೆದರಿಕೊಂಡು ಮಾಡಿದೆ, ಬಿಟ್ಟುಬಿಡಿ ನೀಲಕ್ಕ" ಎಂದು ಅಂಬಣ್ಣ ಶುರುಮಾಡಿದ.

"ಮೂವತ್ಮೂರು ವರ್ಷದ ಮಗು" ಅಂದರು ನೀಲಕ್ಕ. ನನ್ನತ್ತ ತಿರುಗಿದರು. "ಚನ್ನವೀರಯ್ಯನಿಗೊಂದು ನಿನಗೊಂದು ಮಾಡೋಕಾಗಲ್ಲ ದಾಕ್ಷಿ. ಮೇಳದಲ್ಲಿ ಇನ್ನು ನಿನಗೆ ಜಾಗ ಇಲ್ಲ."

ಗೊತ್ತಿದ್ದದ್ದೇ. ಆದರೂ ಕೇಳಿದಾಗ ಮೈಯೆಲ್ಲ ಖಾಲಿಯಾಯಿತು. ಹೂಂ ಅಂದೆ.

"ನನಗೂ ಇಲ್ಲ. ಒಡ್ಡಿನಲ್ಲಿ ಕೈ ಆಡಿಸಿದೋಳು ನಾನು. ಪುಸ್ತಕ ಬರೆದೋಳೇ ಹೀಗೆ ಮಾಡಿದ್ರೆ?" ಅವರು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು. "ನುಡಿಸ್ತಾ ಇರೋವಾಗ ಪಕ್ಕದೋರ ಪೆಟ್ಟು ಕಿವಿಗೆ ಬಿದ್ದದ್ದು ಐವತ್ತು ವರ್ಷದಲ್ಲಿ ಅದೇ ಮೊದಲು. ಹಾಗೆ ಯಾರಾದ್ರೂ ಕರೆದರೆ ಸುಮ್ಮನೆ ಹೇಗೆ ಕೂರೋದು? ಕೈ ತಾನಾಗಿ ಹೋಯ್ತು."

"ಇಬ್ಬರೂ ಹೋದರೆ ಮೇಳ ಎಲ್ಲಿಂದ ತರೋದು?" ಎಂದು ವಾಸಣ್ಣ ತಲೆ ಹಿಡಿದುಕೊಂಡರು.

"ಸಂಜೆ ಶಾಲೆಯಲ್ಲಿ ಬೆಂಚು ಕುಟ್ಟೋರು ಬೇಕಾದಷ್ಟು ಇದ್ದಾರೆ" ಅಂದರು ಇಮಾಮಸಾಬರು. "ಹುಡುಕ್ತೀನಿ."

ನಾನು ಬಾಗಿಲವರೆಗೆ ಹೋಗಿದ್ದೆ. ನೀಲಕ್ಕ ಹಿಂದಿನಿಂದ ಕರೆದರು. "ನಿನ್ನ ಕೈ ಇವತ್ತು ಹಲಗೆ ಮೇಲೆ ಬಿತ್ತು. ನೋಡಿದೆ. ಏನು ಅಂದೆ?"

"ಗೊತ್ತಿಲ್ಲ ನೀಲಕ್ಕ. ನಿಜವಾಗ್ಲೂ ಗೊತ್ತಿಲ್ಲ."

"ಹಾಗಾದ್ರೆ ನಾಳೆ ನಾಲ್ಕೂವರೆಗೆ ಬಾ. ಕೇಳೋಣ."

ಮರುದಿನ ಅಂಚೆ ಕಚೇರಿಯಿಂದ ಬೇಗ ಹೊರಡಲು ಹೊಟ್ಟೆನೋವೆಂದು ಸುಳ್ಳು ಹೇಳಿದೆ. ಮಂದಿರದಲ್ಲಿ ನೀಲಕ್ಕ ಒಬ್ಬರೇ ಮದ್ದಲೆಯ ಹಿಂದೆ ಕೂತಿದ್ದರು. ನಾನು ನನ್ನ ಹಳೆಯ ಮಣೆಯ ಪಕ್ಕದಲ್ಲಿ ನೆಲದ ಮೇಲೆ ಕೂತೆ. ನಾಲ್ಕು ಮೂವತ್ತೆರಡು ದಾಟಿ ಕೆಲವು ಸೆಕೆಂಡು ಆಗಿರಬೇಕು, ಮೂರನೇ ಹಲಗೆ ನುಡಿಯಿತು. ಎರಡು ಪೆಟ್ಟು, ಒಂದು ಬಿಡುವು, ಮತ್ತೆ ಮೂರು. ನಾನು ಬಾರಿಸಿದ್ದು ಅದು ಎಂದು ನನಗೂ ಆಗಲೇ ತಿಳಿದದ್ದು. ನೀಲಕ್ಕ ನಕ್ಕರು. ಆ ನಗುವಿನ ನಡುವೆಯೇ ಅವರ ಎಡಗೈ ಮದ್ದಲೆಯ ಮೇಲೆ ಇಳಿದು ಏನೋ ಹೇಳಿ ಎದ್ದಿತು. ಏನು ಎಂದು ಬೆರಳು ನೋಡಿ ತಿಳಿಯಲು ಹೋದೆ, ಅವರು ಮೈ ಅಡ್ಡ ತಿರುಗಿಸಿ ಮರೆಮಾಡಿದರು. "ನಾಳೆ" ಅಂದರು.

ಮನೆಗೆ ಹೋಗುವಾಗ ಪೇಟೆಬೀದಿಯಲ್ಲಿ ಚಪ್ಪಾಳೆ ಎದ್ದಿತು. ಬಾಳೆಹಣ್ಣು ಎತ್ತುತ್ತಿದ್ದವಳ ಅಂಗೈಯಿಂದ, ಮಗುವಿನ ತಲೆ ಬಾಚುತ್ತಿದ್ದವಳ ಅಂಗೈಯಿಂದ, ಕ್ಷೌರದಂಗಡಿಯಲ್ಲಿ ನೊರೆ ಹಚ್ಚಿಸಿಕೊಂಡು ಕೂತವರ ಮಡಿಲಿನಿಂದ. ಹೊಳೆಯ ಕಡೆಯಿಂದಲೂ ಗಾಳಿಯಲ್ಲಿ ಬರುತ್ತಿತ್ತು. ಯಾರೂ ಕೆಲಸ ನಿಲ್ಲಿಸಲಿಲ್ಲ. ನಾನು ತಲೆತಗ್ಗಿಸಿ ಬೇಗ ಬೇಗ ನಡೆದೆ, ಅದರಲ್ಲಿ ನನ್ನ ಪಾಲೆಷ್ಟು ಎಂದು ಕೇಳಿಕೊಳ್ಳಲು ಧೈರ್ಯವಾಗಲಿಲ್ಲ.

ಅದಾಗಿ ಹದಿನೈದು ದಿನವಾಯಿತು. ದಿನಕ್ಕೊಂದು ಮಾತು, ಒಂದು ದಿನ ಅವರದು, ಒಂದು ದಿನ ನನ್ನದು. ಮೇಳವಲ್ಲ ಇದು, ಯಾರೂ ಕೇಳಲು ಬರುವುದಿಲ್ಲ. ನನ್ನ ಮಣೆಯ ಮೇಲೆ ಸಂಜೆ ಶಾಲೆಯ ದರ್ಜಿಯೊಬ್ಬ ಬೆಳಿಗ್ಗೆ ಹೊತ್ತು ಅಭ್ಯಾಸ ಮಾಡುತ್ತಿದ್ದಾನೆ, ಚೆನ್ನಾಗಿ ನುಡಿಸುತ್ತಾನೆ. ನಾನು ಈಗಲೂ ನೆಲದ ಮೇಲೆಯೇ ಕೂರುತ್ತೇನೆ. ಅಂಚೆ ಕಚೇರಿಯಲ್ಲಿ ನಿಜ ಹೇಳಿ ಬೆಳಿಗ್ಗೆ ಒಂದು ಗಂಟೆ ಮುಂಚೆ ಬರುತ್ತೇನೆಂದು ಒಪ್ಪಿಸಿಕೊಂಡಿದ್ದೇನೆ. ಕೇಳಿ, ಯೋಚಿಸಿ, ಉತ್ತರ ಕೊಡುವುದರಲ್ಲಿ ದಿನಕ್ಕೆ ಏಳೆಂಟು ಸೆಕೆಂಡು ಮುಂದೆ ಹೋಗುತ್ತಿದೆ ಎಂಬುದನ್ನು ಗಡಿಯಾರ ನೋಡಿ ಗುರುತು ಹಾಕಿಟ್ಟಿದ್ದೆ. ನಿನ್ನೆ ಅದನ್ನು ನೀಲಕ್ಕನಿಗೆ ಹೇಳಿದೆ. ಅವರ ಬಲಗೈಗೆ ಈಗ ಬಟ್ಟೆ ಸುತ್ತಿದೆ, ಎಲ್ಲವನ್ನೂ ಎಡಗೈಯಿಂದಲೇ ಹೇಳುತ್ತಾರೆ.

"ಹೀಗೇ ಜಾರುತ್ತಾ ಹೋದರೆ ಐದು ಗಂಟೆ ಮುಟ್ಟೋಕೆ ಎಷ್ಟು ದಿನ ಬೇಕು? ಲೆಕ್ಕದೋಳಲ್ವಾ, ಹೇಳು."

ಬಾಯಲ್ಲೇ ಲೆಕ್ಕ ಹಾಕಿದೆ. "ಇನ್ನೂರಕ್ಕಿಂತ ಸ್ವಲ್ಪ ಜಾಸ್ತಿ ನೀಲಕ್ಕ."

ಅವರು ಮದ್ದಲೆಯ ಚರ್ಮವನ್ನು ಅಂಗೈಯಿಂದ ಸವರಿದರು. ಕಿಟಕಿಯಾಚೆ ಯಾರೋ ಯಾರದೋ ಹೆಸರು ಹಿಡಿದು ಕೂಗುತ್ತಿದ್ದರು.

"ಆಯ್ತು ಬಿಡು" ಅಂದರು. "ಐದು ಗಂಟೆವರೆಗೂ ಇರ್ತೀನಿ."